ಮರೆವಿನ ರೋಗ ಮತ್ತು ಮಿದುಳು ದಾನ

ಅಲ್ಝೈಮರ್ ರೋಗದಲ್ಲಿ ಟೌ ಎಂಬ ಪ್ರೋಟೀನು ಮಿದುಳಿನ ಜೀವಕೋಶಗಳೊಳಗೆ ಎಳೆಎಳೆಯಾಗಿ ಗಂಟುಗಟ್ಟುತ್ತದೆ. ಮೃತ ರೋಗಿಯೊಬ್ಬರ ಮಿದುಳಿನಿಂದ ತೆಗೆದ ಆ ಎಳೆಗಳನ್ನು ಕ್ಷಣಾರ್ಧದಲ್ಲಿ ಘನೀಕರಿಸಿ, ಇಂಗ್ಲೆಂಡಿನ ಕೇಂಬ್ರಿಜ್ ವಿಜ್ಞಾನಿಗಳು 2017ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅವುಗಳ ಮಡಿಕೆಗಳನ್ನು ಪರಮಾಣುಮಟ್ಟದಲ್ಲಿ ಗುರುತಿಸಿದರು. ಮರುವರ್ಷ, ಮರೆವು ತರುವ ಇನ್ನೊಂದು ವ್ಯಾಧಿಯಾದ ಪಿಕ್ ರೋಗದಲ್ಲಿ ಅದೇ ಟೌ ಬೇರೆಯೇ ರೀತಿ ಮಡಿಚಿಕೊಂಡಿರುವುದು ತಿಳಿದುಬಂದಿತು.

ಹೀಗಿರುವಾಗ ಎಲ್ಲ ಮರೆವಿಗೂ ಬ್ರಾಹ್ಮೀಘೃತವೊಂದೇ ಸಾಕೆನ್ನುವುದು, ನಮ್ಮ ವೈದ್ಯಬಂಧುಗಳು ಮನ್ನಿಸಲಿ, ಶಾಸ್ತ್ರಸಮ್ಮತವಲ್ಲ. ಔಷಧಕ್ಕಿಂತ ಮೊದಲು ರೋಗಪರೀಕ್ಷೆ ಎಂದೇ ಚರಕಸಂಹಿತೆಯೂ ವಿಧಿಸುತ್ತದೆ.

ಇಷ್ಟು ಸೂಕ್ಷ್ಮ ಪರೀಕ್ಷೆಗೆ ಬೇಕಾದ ಎಳೆಗಳು ಮೃತರ ಮಿದುಳಿನಿಂದಲೇ ದೊರೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೂ ಮಿದುಳು ಬ್ಯಾಂಕ್ ಇದೆ. ನೇತ್ರದಾನಕ್ಕೆ ಹಿಂಜರಿಯದ ಸದ್ಭಕ್ತರು ಇದಕ್ಕೂ ಮನಸ್ಸು ಮಾಡಬೇಕು. ಮಿದುಳನ್ನು ತೆಗೆದ ಬಳಿಕ ದೇಹವನ್ನು ಮನೆಯವರಿಗೇ ಒಪ್ಪಿಸುತ್ತಾರೆ. ಸಮಾಧಿ ಸಂಸ್ಕಾರಕ್ಕೆ ಅಡ್ಡಿಯಿಲ್ಲ.