ಹೊರಗಿನ ನೆರವು, ಊರಿನ ನೀರು



2025ರಲ್ಲಿ ಆರ್.ಡಿ.ಟಿ. ಸಂಸ್ಥೆಯ ವಿದೇಶಿ ದೇಣಿಗೆಯ ಪರವಾನಗಿಗೆ ತೊಡಕುಂಟಾದಾಗ ಅನಂತಪುರ, ಕಲ್ಯಾಣದುರ್ಗದ ಕಡೆಯ ಜನ ಬೀದಿಗಿಳಿದರು. ಅವರ ಕಳವಳ ಸಹಜವಾದುದೇ. ಬತ್ತಲಪಲ್ಲಿ, ಕಲ್ಯಾಣದುರ್ಗದ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರು, ಆ ಸಂಸ್ಥೆಯ ನೆರವಿನಿಂದ ಓದಿದ ಮಕ್ಕಳು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ. ಆದರೆ ಹೊರಗಿನ ಹಣ ನಿಂತ ದಿನ ನಮ್ಮ ಊರು ತಾನಾಗಿ ಯಾವ ಕೆಲಸವನ್ನು ಮುಂದುವರಿಸೀತು ಎಂಬ ಪ್ರಶ್ನೆ ನಮ್ಮ ನಡುವೆ ಅಷ್ಟಾಗಿ ಕೇಳಿಬರಲಿಲ್ಲ.

ಆ ಸಂಸ್ಥೆಯನ್ನು ಕಟ್ಟಿದ ವಿಸೆಂತೆ ಫೆರರ್ ಸ್ಪೇನಿನವರು. ಯೇಸುಸಭೆಯ ಗುರುಗಳಾಗಿ ಮಹಾರಾಷ್ಟ್ರದ ಮನಮಾಡಿನಲ್ಲಿ ರೈತರಿಗೆ ಬಾವಿ ತೋಡಿಸುತ್ತಿದ್ದರು. 1968ರಲ್ಲಿ ಅವರಿಗೆ ದೇಶ ಬಿಡುವಂತೆ ಆಜ್ಞೆಯಾದಾಗ ಸಾವಿರಾರು ರೈತರು ಮುಂಬಯಿಗೆ ಕಾಲ್ನಡಿಗೆಯಲ್ಲಿ ಹೋಗಿ ಪ್ರತಿಭಟಿಸಿದರು. 1969ರಲ್ಲಿ ಮರಳಿ ಬಂದು ಅನಂತಪುರದಲ್ಲಿ ನೆಲೆಸಿದರು. ಮರುವರ್ಷ ಸಭೆಯನ್ನು ಬಿಟ್ಟು ಆನ್ ಪೆರಿ ಎಂಬ ಇಂಗ್ಲಿಷ್ ಪತ್ರಕರ್ತೆಯನ್ನು ವಿವಾಹವಾದರು. ನಮ್ಮ ಕೆಲವು ಹಿರಿಯರು ಈ ಮಾತನ್ನು ಇಂದಿಗೂ ಎತ್ತುವುದುಂಟು. ಅದರ ತೀರ್ಪು ದೇವರಿಗೆ ಬಿಟ್ಟದ್ದು. ನಾವು ಗಮನಿಸಬೇಕಾದುದು ಬೇರೆ. ದಾನಿಗಳು ದೂರದ ಸ್ಪೇನಿನಲ್ಲಿದ್ದರೂ ಮುಂದಾಳು ಇಲ್ಲಿಯೇ, ಬರದ ನಡುವೆಯೇ ಬಾಳಿದರು. 2009ರಲ್ಲಿ ತೀರಿಕೊಂಡಾಗ ಅವರನ್ನು ಬತ್ತಲಪಲ್ಲಿಯಲ್ಲೇ ಮಣ್ಣು ಮಾಡಲಾಯಿತು. ಹೊರಗಿನಿಂದ ಬಂದು ಮುಂದಾಳುವಾಗುವವರಿಗೆ ಇದು ಮೊದಲ ಅರ್ಹತೆ ಎಂಬುದು ನಮ್ಮ ಅಭಿಮತ.

ಆದರೆ ಎಂಥ ಮುಂದಾಳುವಾದರೂ ಊರಿನ ಪಾಲಿನ ಕೆಲಸವನ್ನು ಊರಿನವರ ಬದಲಿಗೆ ಮಾಡಲಾರರು. ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು 1931ರ ತಮ್ಮ ವಿಶ್ವಪತ್ರದಲ್ಲಿ, ಚಿಕ್ಕ ಸಮುದಾಯ ಮಾಡಬಲ್ಲ ಕಾರ್ಯವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಚಿಕ್ಕ ಸಮುದಾಯ ತನ್ನ ಕೆಲಸವನ್ನು ತಾನೇ ಬಿಟ್ಟುಕೊಟ್ಟು ಕೈಕಟ್ಟಿ ಕೂರುವುದೂ ಅಷ್ಟೇ ತಪ್ಪಲ್ಲವೆ?

ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ನಿದರ್ಶನವಿದೆ. 2003ರಿಂದ ಕೆಲವು ವರ್ಷ ನೆದರ್ಲೆಂಡ್ಸ್ ದೇಶದ ಹಣ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಿಂದ ಅನಂತಪುರ ಸೇರಿ ಏಳು ಜಿಲ್ಲೆಗಳಲ್ಲಿ ಅಂತರ್ಜಲದ ಯೋಜನೆಯೊಂದು ನಡೆಯಿತು. ಅದರಲ್ಲಿ ಬೋರು ಕೊರೆಸಿಕೊಟ್ಟು ಹೋಗುವ ಪದ್ಧತಿ ಇರಲಿಲ್ಲ. ರೈತರೇ, ಹೆಂಗಸರೂ ಸೇರಿ, ಮಳೆಯನ್ನು ಅಳೆದರು; ಗೊತ್ತುಮಾಡಿದ ಬಾವಿಗಳ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ನೋಡಿ ಊರ ಫಲಕದಲ್ಲಿ ಬರೆದರು. ಹಿಂಗಾರು ಬಿತ್ತನೆಗೆ ಮುನ್ನ ಎಲ್ಲರೂ ಕುಳಿತು, ನೆಲದೊಳಗೆ ಎಷ್ಟು ನೀರಿದೆ, ಯಾವ ಬೆಳೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದರು. ಯಾರಿಗೂ ಕಟ್ಟಾಜ್ಞೆಯಿಲ್ಲ. ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಿರುಗಿದವರು ಅನೇಕರು.

ಆ ಲೆಕ್ಕ ಕಷ್ಟವೇನಲ್ಲ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ನಮ್ಮಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ, ಅಂದರೆ ಎಕರೆಗೆ 22 ಲಕ್ಷ ಲೀಟರ್. ಬಂಡೆನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇಂಗಿತೆಂದರೂ ಎರಡು ಲಕ್ಷ ಚಿಲ್ಲರೆ. ಒಂದು ಎಕರೆ ಭತ್ತಕ್ಕೆ ಹೆಚ್ಚುಕಡಿಮೆ 48 ಲಕ್ಷ ಲೀಟರ್ ಬೇಕು. ಅದರಲ್ಲಿ ಕೊಂಚ ಮರಳಿ ಇಂಗುತ್ತದೆ, ನಿಜ. ಆದರೂ ಇಪ್ಪತ್ತು ಎಕರೆ ವರ್ಷವಿಡೀ ಕೂಡಿಟ್ಟ ನೀರನ್ನು ಒಂದು ಎಕರೆ ಗದ್ದೆ ಒಂದೇ ಬೆಳೆಯಲ್ಲಿ ಕುಡಿದುಬಿಡುತ್ತದೆ. ಹೀಗಿರುವಾಗ ಅಣ್ಣನ ಬೋರು 600 ಅಡಿಗೆ ಹೋಯಿತೆಂದು ತಮ್ಮ ಸಾಲ ಮಾಡಿ 800 ಅಡಿ ಕೊರೆಸುತ್ತಾನೆ! ಕರೆಂಟಿಗೆ ಬಿಲ್ಲಿಲ್ಲ, ಮೋಟಾರು ನಿಲ್ಲುವುದೇ ಇಲ್ಲ.

ಯೋಜನೆ ಮುಗಿದ ಮೇಲೆ ಆ ಊರುಗಳಿಗೆ ಹೋಗಿ ನೋಡಿದ ಅಧ್ಯಯನಕಾರರು, ಹಲವೆಡೆ ಅಳತೆಯ ಕೆಲಸ ನಿಂತುಹೋಗಿರುವುದನ್ನು ಕಂಡರು. ಹಣ ತಂದವರು ಹೋದರು, ಫಲಕ ಮಾಸಿತು. ಹಗ್ಗ ಇಳಿಬಿಟ್ಟು ಅಂಕೆ ಬರೆಯಲು ನೆದರ್ಲೆಂಡ್ಸಿನ ಹಣ ಬೇಕಿರಲಿಲ್ಲ. ವಾರಕ್ಕೊಮ್ಮೆ ಒಟ್ಟಿಗೆ ಕೂರುವ ಅಭ್ಯಾಸ ಬೇಕಿತ್ತು. ಅದನ್ನು ದಾನಿಗಳು ಕೊಡಲಾರರು, ಸರ್ಕಾರವೂ ಕೊಡಲಾರದು.

ಇದು ಬೇಸಾಯದ ಮಾತು ಮಾತ್ರವಲ್ಲ. ಬಂಡೆಯ ಆಳದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಸಂಭವವುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಮುಂದೆ ಕೀಲುನೋವು, ಬೆನ್ನು ಬಗ್ಗದಿರುವಿಕೆ ಕಾಣಿಸಿಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ. ಕೂಲಿಯಿಂದ ಬದುಕುವ ನಮ್ಮ ಎಷ್ಟೋ ಕುಟುಂಬಗಳಿಗೆ ಹೊಲವಿಲ್ಲ, ಬೋರೂ ಇಲ್ಲ. ಆದರೆ ಅವರು ಕುಡಿಯುವುದು ಇದೇ ನೀರು. ನೀರಿನ ಲೆಕ್ಕಕ್ಕೆ ಕೂರುವಾಗ ಅವರನ್ನು ಹೊರಗಿಟ್ಟರೆ ಅದು ಬೋರುಳ್ಳವರ ಸಂಘವಾದೀತೇ ಹೊರತು ಊರಿನ ಸಭೆಯಾಗದು.

ದೇವಾಲಯದ ಅಂಗಳದಲ್ಲಿ ಮಳೆಮಾಪಕವೊಂದನ್ನು ಇಡುತ್ತಿದ್ದೇವೆ. ಪ್ರತಿದಿನ ಬೆಳಗ್ಗೆ 8.30ಕ್ಕೆ ನೋಡಿ ಬರೆಯಲು ಯುವಕ ಯುವತಿಯರು ಸರದಿಯಂತೆ ಬರಬೇಕು. ಪ್ರತಿ ಹಳ್ಳಿಯವರು ಮೋಟಾರು ಇಳಿಸದ ಹಳೆಯ ಬೋರು ಅಥವಾ ಬಾವಿಯೊಂದನ್ನು ಆರಿಸಿ, ಭಾರ ಕಟ್ಟಿದ ಹಗ್ಗದಿಂದ ಹದಿನೈದು ದಿನಕ್ಕೊಮ್ಮೆ ಅಳೆದು, ಆ ಅಂಕೆಯನ್ನು ಭಾನುವಾರದ ಪೂಜೆಗೆ ಬರುವಾಗ ತನ್ನಿ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಊರಿನ ಹೆಸರಿನೊಡನೆ ಬರೆಯುತ್ತೇವೆ. ಅಕ್ಟೋಬರಿನಲ್ಲಿ, ಹಿಂಗಾರು ಬಿತ್ತನೆಗೆ ಮುನ್ನ, ಆ ಅಂಕೆಗಳನ್ನು ಮುಂದಿಟ್ಟುಕೊಂಡು ಎಲ್ಲರೂ ಕೂರೋಣ. ನೆರೆಯ ಹಿಂದೂ, ಮುಸ್ಲಿಂ ರೈತ ಬಂಧುಗಳನ್ನೂ ಕರೆತನ್ನಿ; ಅವರ ಬೋರೂ ನಮ್ಮ ಬೋರೂ ಸೇದುವುದು ಒಂದೇ ನೆಲದ ನೀರನ್ನು.