ಬಿಲ್ಲು ನಿಮ್ಮದು, ಕರೆಂಟು ಎಲ್ಲರದು

“ಬಿಲ್ ಕಟ್ಟೋನು ನಾನು, ನಿಮಗೇನ್ರೀ ಕಷ್ಟ?”

ಕರೆಂಟು ಸುಮ್ಮನೆ ಪೋಲಾಗುತ್ತಿದೆ ಎಂದು ಯಾವ ವರ್ಕ್‌ಶಾಪಿನಲ್ಲಿ, ಯಾವ ಅಂಗಡಿಯಲ್ಲಿ ಬಾಯಿಬಿಟ್ಟರೂ ಮೊದಲು ಸಿಗುವ ಉತ್ತರ ಇದೇ. ಕೇಳುವುದಕ್ಕೆ ನ್ಯಾಯದ ಮಾತಿನ ಹಾಗೇ ಇದೆ. ಆದರೆ ಮಾಲೀಕರೇ, ಬಿಲ್ಲಿನಲ್ಲಿ ಅಚ್ಚಾಗಿ ಬರುವುದು ಯೂನಿಟ್ಟಿನ ದರ ಮಾತ್ರ. ಉಳಿದ ಬಾಕಿಯನ್ನು ನೀವು ಎಂದೂ ಮುಖ ನೋಡದ ಜನ ತೀರಿಸುತ್ತಿದ್ದಾರೆ.

ಕರೆಂಟಿಗೆಂದು ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಹಿನ್ನೀರಿಗೆ ಮನೆ, ಗದ್ದೆ, ತೋಟ ಬಿಟ್ಟು ಎದ್ದುಬಂದ ಎಷ್ಟೋ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ಕರೆಂಟು ನಮ್ಮ ಕಡೆ ಹರಿದು ಬಂದರೆ ಬೂದಿ ಊರಿನವರ ಪಾಲಿಗೆ ಉಳಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ ಅಲ್ಲವೇ? ಇನ್ನು ರೈತ. 2023ರ ಬರದಲ್ಲಿ ತ್ರೀ ಫೇಸ್ ಯಾವಾಗ ಬರುತ್ತದೋ ಎಂದು ಕಾದು, ಅಪರಾತ್ರಿಯಲ್ಲಿ ಟಾರ್ಚು ಹಿಡಿದು ಹಾವು ಹುಳುವಿನ ನಡುವೆ ಪಂಪ್‌ಸೆಟ್ ಚಾಲೂ ಮಾಡಲು ಹೋದವರಿಗೆ ಲೆಕ್ಕವಿಲ್ಲ. ಆ ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಪ್ರಯೋಗಿಸಿ, ರಾಜ್ಯದ ಉತ್ಪಾದಕರು ತಮ್ಮ ಕರೆಂಟನ್ನು ಇಲ್ಲಿನ ಗ್ರಿಡ್ಡಿಗೇ ಕೊಡಬೇಕೆಂದು ಅಪ್ಪಣೆ ಹೊರಡಿಸಬೇಕಾಯಿತು. ಅದೇ ರಾತ್ರಿಗಳಲ್ಲಿ ನಮ್ಮ ಪೇಟೆಗಳಲ್ಲಿ ಬಾಗಿಲೆಳೆದ ಶೋರೂಮುಗಳ ಬೋರ್ಡುಗಳು ಬೆಳಗಿನ ತನಕ ಉರಿಯುತ್ತಿದ್ದವು. ಯಾರಿಗೆ ತೋರಿಸಲು? ಬೀದಿನಾಯಿಗಳಿಗೆ.

ಹೀಗಾಗಬೇಕಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದವರು ನಮ್ಮಲ್ಲೇ ಇದ್ದರು. 1987ರ ಸುಮಾರಿಗೆ ಸರ್ಕಾರಿ ಸಮಿತಿಯೊಂದು 2000ನೇ ಇಸವಿಗೆ ಕರ್ನಾಟಕಕ್ಕೆ ಎಷ್ಟು ಕರೆಂಟು ಬೇಕಾದೀತೆಂದು ಭಾರೀ ಅಂದಾಜು ಮುಂದಿಟ್ಟಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು ಬೇರೆಯೇ ಕಡೆಯಿಂದ ಲೆಕ್ಕಕ್ಕೆ ಕೂತರು. ಜನಕ್ಕೆ ಬೇಕಾದದ್ದು ಬೆಳಕು, ನೀರು, ತಿರುಗುವ ಯಂತ್ರ. ಯೂನಿಟ್ಟನ್ನು ಯಾರೂ ಉಣ್ಣುವುದಿಲ್ಲ. ಕಡಿಮೆ ಕರೆಂಟಿನಲ್ಲಿ ಅದೇ ಕೆಲಸ ಮಾಡುವ ಸಾಧನ ಬಳಸಿದರೆ ಸಮಿತಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆಯಲ್ಲೇ ನಾಡು ನಡೆಯುತ್ತದೆ ಎಂಬುದು ಅವರ ವಾದ. ಆ ವಾದವನ್ನು ನಾವು ವಿಚಾರ ಸಂಕಿರಣಗಳಲ್ಲಿ ಹೊಗಳಿದೆವು. ಷೆಡ್ಡಿಗೆ ತರಲಿಲ್ಲ.

ಷೆಡ್ಡಿಗೇ ಬನ್ನಿ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೋಗಿ ನಿಲ್ಲಿ. ಲೇತ್ ನಿಂತಿರುತ್ತದೆ, ಡ್ರಿಲ್ಲಿಂಗ್ ಮಷೀನು ನಿಂತಿರುತ್ತದೆ, ಹುಡುಗರು ಡಬ್ಬಿ ಬಿಚ್ಚಿಕೊಂಡು ಕೂತಿರುತ್ತಾರೆ. ಗದ್ದಲ ಅಡಗಿದ ಆ ಅರ್ಧ ಗಂಟೆಯಲ್ಲಿ ಗೋಡೆಗುಂಟ ಹೋದ ಏರ್ ಲೈನಿನಿಂದ ಸುಸ್ ಎಂಬ ಸದ್ದು ಕೇಳುತ್ತದೆ. ಒಂದು ಕಡೆ ಕಪ್ಲಿಂಗ್ ಸಡಿಲ. ಇನ್ನೊಂದು ಕಡೆ ಹೋಸ್ ಪೈಪಿಗೆ ಕ್ಲ್ಯಾಂಪಿನ ಬದಲು ಬೈಂಡಿಂಗ್ ವೈರು, ಅದರ ಮೇಲೆ ಎಣ್ಣೆ ಕುಡಿದು ಕಪ್ಪಾದ ಟೇಪು. ಸ್ವಲ್ಪ ಹೊತ್ತಿಗೊಮ್ಮೆ ಮೂಲೆಯ ಕಂಪ್ರೆಸರ್ ತಾನಾಗಿ ಎದ್ದು ಗಡಗಡ ಓಡಿ ಸುಮ್ಮನಾಗುತ್ತದೆ. ಯಾವ ಕೆಲಸವೂ ನಡೆಯುತ್ತಿಲ್ಲ. ಸೋರಿದ ಗಾಳಿಯನ್ನು ಮತ್ತೆ ತುಂಬಲಷ್ಟೇ ಅದರ ಓಟ.

ಆ ಸದ್ದಿನ ಲೆಕ್ಕ ಹಿಡಿಯೋಣ. ಆರೇಳು ಬಾರ್ ಒತ್ತಡದ ಲೈನಿನಲ್ಲಿ ಬರೀ 3 ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವಾಟ್ ತಿನ್ನುತ್ತದೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಲೈನಿನಲ್ಲಿ ಗಾಳಿಯಿದ್ದರೆ 9000 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಎಂದುಕೊಂಡರೆ 45,000 ರೂಪಾಯಿ. ಕಲ್ಲಿದ್ದಲಿನಿಂದಲೇ ಅಷ್ಟು ಕರೆಂಟು ತೆಗೆಯುವುದಾದರೆ ಹೆಚ್ಚುಕಡಿಮೆ ಆರು ಟನ್ ಸುಡಬೇಕು. ಒಂದು ತೂತಿಗೆ! ಮದ್ದು ಏನು? ಒಂದು ಬಟ್ಟಲು ಸೋಪಿನ ನೀರು, ಹಳೆಯ ಬ್ರಷ್ಷು. ಜಾಯಿಂಟುಗಳಿಗೆಲ್ಲ ಬಳಿದು ನೊರೆ ಎದ್ದಲ್ಲಿ ಹೊಸ ಕ್ಲ್ಯಾಂಪು ಬಿಗಿಯಿರಿ. ಕೆಲಸಕ್ಕೆ 6 ಬಾರ್ ಸಾಕಾಗುವ ಕಡೆ 7 ಇಟ್ಟಿದ್ದರೆ ಇಳಿಸಿ; ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಆರೇಳು ಪಾಲು ಉಳಿಯುತ್ತದೆ. ಸಂಜೆ ಮನೆಗೆ ಹೊರಡುವಾಗ ಏರ್ ಗನ್ನಿನಿಂದ ಅಂಗಿ ಪ್ಯಾಂಟು ಕೊಡವಿಕೊಳ್ಳುವುದನ್ನು ನಿಲ್ಲಿಸಿ. ಕಾರ್ಖಾನೆಯಲ್ಲಿ ಕಂಪ್ರೆಸರಿನ ಗಾಳಿ ಬಲು ದುಬಾರಿಯ ವಸ್ತು, ಆದರೆ ಅದು ಬಿಟ್ಟಿ ಎಂದೇ ಎಲ್ಲರೂ ನಂಬಿದ್ದಾರೆ.

ಹೋಟೆಲಿನವರೇ, ನಿಮ್ಮದೂ ಬೇರೆ ಕಥೆಯಲ್ಲ. ನೂರು ರೂಪಾಯಿ ನೋಟೊಂದನ್ನು ಡೀಪ್ ಫ್ರೀಜರಿನ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಈಚೆ ಬಂದರೆ ರಬ್ಬರ್ ಗ್ಯಾಸ್ಕೆಟ್ ಹೋಗಿದೆ. ಅದೇ ಸಂದಿಯಿಂದ ತಂಪು ಹಗಲೂ ರಾತ್ರಿ ಹೊರಗೆ ಹೋಗುತ್ತಿದೆ. ಜಾಗವಿಲ್ಲವೆಂದು ಫ್ರೀಜರನ್ನು ದೋಸೆ ಕಾವಲಿಯ ಪಕ್ಕಕ್ಕೇ ತಳ್ಳಿದ್ದೀರಿ. ಹಿಂದಿನ ಕಾಯಿಲ್ ಮೇಲೆ ಜಿಡ್ಡು, ಧೂಳು ಬೆರಳುದ್ದ ಕೂತಿದೆ. ಒಂದು ಕಡೆ ಬೆಂಕಿ, ಅದರ ಜೊತೆ ಜಗಳಕ್ಕೆ ಬಿದ್ದ ಫ್ರೀಜರು, ಎರಡಕ್ಕೂ ದುಡ್ಡು ಕೊಡುವವರು ನೀವೇ. ಫ್ಯಾನಿನ ಮಾತು ಬಂದರೆ, ಹಳೆಯ ಸೀಲಿಂಗ್ ಫ್ಯಾನು 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಬೆಳಗಿನ ಆರರಿಂದ ರಾತ್ರಿ ಹತ್ತರ ತನಕ ತಿರುಗುವ ದರ್ಶಿನಿಯಲ್ಲಿ ಒಂದೊಂದು ಫ್ಯಾನೂ ವರ್ಷಕ್ಕೆ 250 ಯೂನಿಟ್ಟಿನಷ್ಟು ಉಳಿಸುತ್ತದೆ. ಪಾತ್ರೆ ತೊಳೆಯುವ ಬಿಸಿನೀರಿಗೆ ಚಾವಣಿಯ ಮೇಲೆ ಬಿಸಿಲಿದೆ. ಎಲ್‌ಇಡಿ ವಿಷಯ ಹೇಳಿ ಹೇಳಿ ಹಳಸಿದೆ, ಬಿಡಿ.

ಸಣ್ಣವರ ಕಷ್ಟ ಗೊತ್ತಿಲ್ಲದೆ ಇದನ್ನೆಲ್ಲ ಹೇಳುತ್ತಿಲ್ಲ. ಜಾಬ್ ವರ್ಕಿನ ದುಡ್ಡು ತಿಂಗಳುಗಟ್ಟಲೆ ಬರುವುದಿಲ್ಲ, ಷೆಡ್ಡು ಬಾಡಿಗೆಯದು, ಸುಟ್ಟ ಮೋಟರನ್ನು ಮೂರನೇ ಸಲ ರೀವೈಂಡಿಂಗ್ ಮಾಡಿಸುವುದು ಹೊಸದಕ್ಕೆ ಕಾಸಿಲ್ಲದ್ದರಿಂದ. ಹಾಗೆ ಪದೇ ಪದೇ ಸುತ್ತಿಸಿದ ಮೋಟರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತದೆಂಬುದು ಗೊತ್ತಿದ್ದರೂ ಕೈ ಕಟ್ಟಿರುತ್ತದೆ. ಅದಕ್ಕೇ ಕ್ಲ್ಯಾಂಪು, ಗ್ಯಾಸ್ಕೆಟ್ಟಿನ ಮಾತಾಡಿದ್ದು. ಮೊದಲು ಅಲ್ಲಿ ಉಳಿಸಿ, ಉಳಿದದ್ದರಲ್ಲಿ ಮೋಟರು ಬದಲಿಸಿ.

ನನ್ನ ಸಿಟ್ಟು ಇರುವುದು ದುಡ್ಡಿದ್ದೂ ಮಾಡದವರ ಮೇಲೆ. ಬಾಗಿಲು ಹಾರುಹೊಡೆದು, ಎಸಿಯನ್ನು 18ಕ್ಕಿಟ್ಟು, ರಸ್ತೆಯಲ್ಲಿ ಹೋಗುವವರಿಗೆ ತಂಪು ಬೀಸುವ ಬಟ್ಟೆ ಅಂಗಡಿಗಳು. ಸೇಲ್ಸ್ ಹುಡುಗಿಯರು ಒಳಗೆ ಸ್ವೆಟರು ತೊಟ್ಟು ನಿಂತಿರುತ್ತಾರೆ, ಬೆಂಗಳೂರಿನ ಬೇಸಿಗೆಯಲ್ಲಿ! ಒಂದೊಂದು ಡಿಗ್ರಿ ಏರಿಸಿದರೂ ನೂರಕ್ಕೆ ಆರರಷ್ಟು ಉಳಿತಾಯ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತ ಬಂದಿದೆ. 24ಕ್ಕೆ ಇಡಲು ಬಂಡವಾಳ ಬೇಡ, ಬ್ಯಾಂಕ್ ಸಾಲ ಬೇಡ. ರಿಮೋಟಿನ ಗುಂಡಿ ಒತ್ತಬೇಕು, ಅಷ್ಟೇ.

ಉಳಿತಾಯದ ಹೆಸರಿನಲ್ಲಿ ಹೊಲಿಗೆ ಮಷೀನಿನ ಮೇಲಿನ ಫ್ಯಾನು ಆರಿಸುವ, ಪ್ಯಾಕಿಂಗ್ ಮಾಡುವ ಹೆಂಗಸರಿಗೆ ಬೆಳಕು ಕಡಿಮೆ ಮಾಡುವ ಜಾಣರೂ ಇದ್ದಾರೆ. ಅದಕ್ಕೆ ಉಳಿತಾಯ ಎನ್ನಬೇಡಿ. ಮಾಲೀಕನ ಕೋಣೆಯ ಎಸಿ ಓಡುತ್ತಲೇ ಇರುವಾಗ ಕೆಲಸದವರ ಬೆವರಿನಲ್ಲಿ ಯೂನಿಟ್ ಎಣಿಸುವುದು ಕಳ್ಳತನ.

ಈಗ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ, 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ. ಕೊಡುವ ಕಾರಣ, ಪೀಕ್ ಅವಧಿಯ ಬೇಡಿಕೆ. ಆ ಬೇಡಿಕೆಯೆಲ್ಲ ಅಂಗಡಿ ಕಾರ್ಖಾನೆಗಳ ಪೋಲಿನಿಂದಲೇ ಹುಟ್ಟಿದ್ದಲ್ಲ, ನಿಜ. ಮನೆಗಳೂ ಉರಿಸುತ್ತವೆ. ಆದರೆ ಸಂಜೆ ಏಳರಲ್ಲಿ ಬೇಡದ ಬೋರ್ಡು, ತೆರೆದ ಬಾಗಿಲ ಎಸಿ, ಸೋರುವ ಲೈನು ಇಟ್ಟುಕೊಂಡೇ ಕಾಡು ಕೊರೆಯುವುದನ್ನು ವಿರೋಧಿಸಿ ಸ್ಟೇಟಸ್ ಹಾಕುವ ವ್ಯಾಪಾರಿಗೆ ಆ ಮಾತಾಡುವ ಹಕ್ಕು ಎಷ್ಟಿದೆ?

ಬರುವ ಶನಿವಾರ ರಾತ್ರಿ ಬೀಗ ಹಾಕುವ ಮುನ್ನ ಮೀಟರಿನ ಒಂದು ಫೋಟೊ ತೆಗೆಯಿರಿ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಇನ್ನೊಂದು. ಯಾರೂ ಇಲ್ಲದ, ಏನೂ ತಯಾರಾಗದ ಭಾನುವಾರ ಎಷ್ಟು ಯೂನಿಟ್ ಓಡಿದೆ ಎಂದು ಕಳೆದು ನೋಡಿ. ಫ್ರೀಜರು, ಕ್ಯಾಮೆರಾದಂಥ ಅಗತ್ಯದವನ್ನು ಬಿಟ್ಟು ಉಳಿದದ್ದು ಎಲ್ಲಿಂದ ಹೋಯಿತೆಂದು ನಿಮ್ಮ ಎಲೆಕ್ಟ್ರಿಷಿಯನ್ ಜೊತೆ ಒಂದೊಂದೇ ಸ್ವಿಚ್ಚು ತೆಗೆದು ಹುಡುಕಿ. ಆ ವಾರವೇ ಅದನ್ನು ನಿಲ್ಲಿಸಿ, ಪಕ್ಕದ ಷೆಡ್ಡಿನವರಿಗೂ ಹೇಳಿ.