ಹುಳುಮನೆಯ ಕಸ, ತೋಟದ ಕಸುವು

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯಲ್ಲಿ ರಾಗಿಯಂತೆಯೇ ಹಿಪ್ಪುನೇರಳೆಯೂ ಅನೇಕ ಕುಟುಂಬಗಳಿಗೆ ಅನ್ನ ನೀಡುತ್ತಿದೆ. ಗೂಡಿನ ಧಾರಣೆಯನ್ನು ನಿತ್ಯವೂ ವಿಚಾರಿಸುವ ನಮ್ಮ ಬಂಧುಗಳು ಆ ಗೂಡಿಗೆ ಮೂಲವಾದ ಮಣ್ಣನ್ನು ಕುರಿತು ಮಾತನಾಡುವುದು ಅಪರೂಪ. ಇದು ನಮಗೆ ಕಳವಳದ ಸಂಗತಿ.

ವರ್ಷಕ್ಕೆ ಐದು ಬಾರಿ ಸೊಪ್ಪು ಕೊಯ್ದ ತೋಟದಿಂದ ಸಾರವೂ ಐದು ಬಾರಿ ಹೊರಹೋಗುತ್ತದೆ. ನೀರಾವರಿ ತೋಟಕ್ಕೆ ವರ್ಷಕ್ಕೆ ಎಕರೆಗೆ 8 ಟನ್ ಕೊಟ್ಟಿಗೆ ಗೊಬ್ಬರ ಬೇಕೆಂಬುದು ರೇಷ್ಮೆ ತಜ್ಞರ ಶಿಫಾರಸು. ಎತ್ತುಗಳ ಸ್ಥಾನಕ್ಕೆ ಟ್ರ್ಯಾಕ್ಟರು ಬಂದು, ಒಂದೆರಡು ಹಸುಗಳಷ್ಟೇ ಉಳಿದಿರುವ ಮನೆಯಲ್ಲಿ ಅಷ್ಟು ಗೊಬ್ಬರ ಎಲ್ಲಿಂದ ಬರಬೇಕು?

ಉತ್ತರದ ಒಂದಂಶ ಹುಳುಮನೆಯಲ್ಲೇ ಇದೆ. ಹುಳು ತಿಂದ ಸೊಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಿಕ್ಕೆಯಾಗಿ ಹೊರಬೀಳುತ್ತದೆ. ಇದರೊಡನೆ ಉಳಿದ ಎಲೆಕಡ್ಡಿಗಳೂ ಸೇರುತ್ತವೆ. ಇವೆಲ್ಲ ಸಾರಜನಕಯುಕ್ತ ವಸ್ತುಗಳು. ಇವನ್ನು ರಸ್ತೆ ಬದಿಗೆ ಸುರಿದು, ಬಳಿಕ ಗೊಬ್ಬರಕ್ಕೆ ಹಣ ತೆರುವುದು ಯಾವ ಲೆಕ್ಕ? ನೆರಳಿನಲ್ಲಿ ಮೂರಡಿ ಆಳದ ಗುಂಡಿ ತೆಗೆದು, ಹಿಕ್ಕೆ, ಕಡ್ಡಿ, ಸಗಣಿ ಬಗ್ಗಡಗಳನ್ನು ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಬೇಕು. ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಕಳಿತ ಗೊಬ್ಬರವಾಗುತ್ತದೆ. ಬಿಸಿಲುಮಳೆಗೆ ತೆರೆದಿಟ್ಟ ತಿಪ್ಪೆಯಲ್ಲಿ ಗಾತ್ರವಿದ್ದರೂ ಸತ್ತ್ವ ಉಳಿಯದು. ಗಂಜಲವನ್ನು ಚರಂಡಿಗೆ ಬಿಡುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ರಸಗೊಬ್ಬರವನ್ನು ಪೂರ್ಣವಾಗಿ ಜರೆಯುವವರ ಮಾತನ್ನು ನಾವು ಒಪ್ಪಲಾರೆವು. ಎಂಟು ಟನ್ ಗೊಬ್ಬರದಲ್ಲಿ ಇರುವ ಸಾರಜನಕ ಸುಮಾರು 40 ಕಿಲೋ. ಅದೂ ಒಂದೇ ವರ್ಷದಲ್ಲಿ ಗಿಡಕ್ಕೆ ದಕ್ಕುವುದಿಲ್ಲ. ಹೆಚ್ಚು ಸೊಪ್ಪು ಕೊಡುವ ವಿ-1 ತಳಿಗೆ ಶಿಫಾರಸಾಗಿರುವುದು ಎಕರೆಗೆ ಸುಮಾರು 140 ಕಿಲೋ. ಆದರೆ ಚೀಲದ ಗೊಬ್ಬರವೊಂದನ್ನೇ ನಂಬುವುದೂ ಸಲ್ಲದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಖುಷ್ಕಿ ರಾಗಿಯ ಮೇಲೆ 1978ರಿಂದ ನಡೆದುಬಂದ ದೀರ್ಘಕಾಲದ ಪ್ರಯೋಗದಲ್ಲಿ, ರಸಗೊಬ್ಬರವನ್ನಷ್ಟೇ ಪಡೆದ ತಾಕುಗಳ ಇಳುವರಿ ಕಾಲಕ್ರಮದಲ್ಲಿ ಕುಗ್ಗಿತು; ಕೊಟ್ಟಿಗೆ ಗೊಬ್ಬರವನ್ನೂ ಜೊತೆಗೆ ಪಡೆದವು ಚೆನ್ನಾಗಿ ನಿಂತವು. ಕೆಮ್ಮಣ್ಣು ನೀರನ್ನೂ ಸಾರವನ್ನೂ ಹಿಡಿದಿಡಬೇಕಾದರೆ ಅದರಲ್ಲಿ ಕಳಿತ ಸಾವಯವಾಂಶ ಇರಲೇಬೇಕು.

ಕೊರತೆಯನ್ನು ಹಸಿರೆಲೆಯಿಂದಲೂ ತುಂಬಬಹುದು. ಸಾಲುಗಳ ನಡುವೆ ಸೆಣಬು ಅಥವಾ ಡಯಂಚ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು. ಬದುವಿನ ಮೇಲೆ ಹೊಂಗೆ, ಗ್ಲಿರಿಸಿಡಿಯ ಇದ್ದರೆ ಸೊಪ್ಪಿಗೆ ಬಡತನವಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹುಳುಮನೆಯ ಕಸವನ್ನು ಹಸಿಯಾಗಿ ತೋಟಕ್ಕೆ ಎರಚಬಾರದು; ರೋಗಾಣುಗಳು ಸೊಪ್ಪಿನೊಡನೆ ಮರಳಿ ಹುಳುವನ್ನು ಸೇರುತ್ತವೆ. ಗುಂಡಿಯು ಹುಳುಮನೆಯಿಂದ ದೂರವಿರಲಿ. ರೋಗಕ್ಕೆ ತುತ್ತಾದ ಹುಳುಗಳನ್ನು ಆ ಗುಂಡಿಗೆ ಹಾಕದೆ, ಬೇರೆಡೆ ಸುಣ್ಣ ಹಾಕಿ ಹೂಳತಕ್ಕದ್ದು.